ಶಾಯಿ ಪೆನ್ನಿಗೆ ಸ್ಪಿರಿಟ್ ಸಲ್ಲದು

ಸ್ಯಾನಿಟೈಸರ್ ಬರುವುದೇ ಪ್ಲಾಸ್ಟಿಕ್ ಬಾಟಲಿಯಲ್ಲಿ. ತಿಂಗಳುಗಟ್ಟಲೆ ಅದರೊಳಗೇ ಇದ್ದರೂ ಬಾಟಲಿಗೆ ಏನೂ ಆಗುವುದಿಲ್ಲ. ಹಾಗಿದ್ದಮೇಲೆ ಅದನ್ನೇ ಬಟ್ಟೆಗೆ ಹಚ್ಚಿ ಇಂಕ್ ಪೆನ್ನು ಒರೆಸಿದರೆ ತಪ್ಪೇನು? ಪ್ರಶ್ನೆ ನ್ಯಾಯವಾದದ್ದೇ. 2020ರ ನಂತರವಂತೂ ಸ್ಪಿರಿಟ್ ಎಲ್ಲರ ಮನೆಯ ವಸ್ತುವಾಯಿತು. ಕೈಗೆ ಸವರಿಕೊಂಡದ್ದು ಒಣಗುವ ಮೊದಲೇ ಪೆನ್ನು ಹಿಡಿಯುವುದು, ಜೇಬಿನಿಂದ ಬಿದ್ದ ಪೆನ್ನಿಗೆ ಎರಡು ಸಲ ಸ್ಪ್ರೇ ಹೊಡೆಯುವುದು ರೂಢಿಯಾಯಿತು. ಬಾಲ್ ಪೆನ್ನಿನ ಕಲೆ ಅಂಗಿಯಿಂದ ಹೋಗಬೇಕಾದರೆ ಸ್ಪಿರಿಟ್ ಬೇಕೆಂಬುದು ಮನೆಮನೆಗೆ ಗೊತ್ತು. ಆ ಧೈರ್ಯದ ಮೇಲೆಯೇ ಹಲವರು ಒಣಗಿ ನಿಂತ ಶಾಯಿ ಪೆನ್ನಿಗೂ ಅದನ್ನೇ ಬಿಡುತ್ತಾರೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಆಗಲಿ, ಮೊಬೈಲ್ ರಿಪೇರಿಯವರು ‘ಐಪಿಎ’ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೋಹಾಲ್ ಆಗಲಿ, ಕೈಗೆ ಸಿಕ್ಕಿದ್ದು ಪೆನ್ನಿನ ಬಾಯಿಗೆ ಹೋಗುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ಪೆನ್ನುಗಳಿಗೆ ಆಲ್ಕೋಹಾಲಿನಿಂದ ಏನೂ ಆಗುವುದಿಲ್ಲ. ಕೆಲವು ಹೊಳಪು ಕಳೆದುಕೊಳ್ಳುತ್ತವೆ. ಕೆಲವು ಬಿರುಕು ಬಿಡುತ್ತವೆ. ಇನ್ನು ಕೆಲವು ಮೆತ್ತಗಾಗಿ, ಹಿಡಿದ ಬೆರಳಿನ ಗುರುತನ್ನೇ ಮೈಮೇಲೆ ಉಳಿಸಿಕೊಳ್ಳುತ್ತವೆ. ನಿಮ್ಮ ಕೈಯಲ್ಲಿರುವುದು ಇವುಗಳಲ್ಲಿ ಯಾವುದೆಂದು ಹೊರಗಿನಿಂದ ನೋಡಿ ಹೇಳುವುದು ಬಹಳ ಕಷ್ಟ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸ್ಪಿರಿಟ್ ಮಾಡಲಿ ಎಂದು ನಾವು ಬಯಸುವ ಕೆಲಸವನ್ನು ನೀರು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. ಈ ಎರಡು ಮಾತಿಗೂ ಕಾರಣ ತಿಳಿದುಕೊಂಡರೆ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪೆನ್ನುಗಳು ಇನ್ನೊಂದು ತಲೆಮಾರಿನವರೆಗೆ ಬರೆಯುತ್ತವೆ.

ಹೆಸರೊಂದು, ವಸ್ತು ಹಲವು

ಸ್ಯಾನಿಟೈಸರ್ ಬಾಟಲಿ ಸಾಮಾನ್ಯವಾಗಿ ಪಾಲಿಎಥಿಲೀನ್ ಅಥವಾ ಪಿಇಟಿ. ಅದರ ಮುಚ್ಚಳ ಪಾಲಿಪ್ರೊಪಿಲೀನ್. ಪೆನ್ನು ಮಾಡುವುದು ಇವುಗಳಿಂದಲ್ಲ. ಹೊಳೆಯುವ ಮೈ, ಒಳಗಿನ ಶಾಯಿ ಕಾಣುವಷ್ಟು ಪಾರದರ್ಶಕತೆ, ಲೇತಿನಲ್ಲಿ ಕಡೆದರೆ ನಿಲ್ಲುವಷ್ಟು ಗಟ್ಟಿತನ ಪೆನ್ನಿಗೆ ಬೇಕು. ಆ ಗುಣಗಳಿರುವುದು ಅಕ್ರಿಲಿಕ್, ಪಾಲಿಸ್ಟೈರೀನ್, ಪಾಲಿಕಾರ್ಬೊನೇಟ್, ಎಬಿಎಸ್‌ಗಳಲ್ಲಿ. ಹಳೆಯ ಕಾಲದ ಪೆನ್ನಾದರೆ ಸೆಲ್ಯುಲಾಯ್ಡ್‌ನಲ್ಲಿ.

ವ್ಯತ್ಯಾಸ ಅಣುಗಳ ಜೋಡಣೆಯಲ್ಲಿದೆ. ಪ್ಲಾಸ್ಟಿಕ್ ಯಾವುದೇ ಇರಲಿ, ಅದು ಉದ್ದುದ್ದ ಅಣುಸರಪಳಿಗಳ ರಾಶಿ. ಪಾಲಿಎಥಿಲೀನ್‌ನಲ್ಲಿ ಈ ಸರಪಳಿಗಳ ದೊಡ್ಡ ಪಾಲು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಮಡಚಿ ಕುಳಿತಿರುತ್ತದೆ. ಸಂದಿ ಕಡಿಮೆ; ಜೊತೆಗೆ ಆಲ್ಕೋಹಾಲಿಗೂ ಅದಕ್ಕೂ ಒಗ್ಗುವುದೂ ಇಲ್ಲ. ಅಕ್ರಿಲಿಕ್, ಪಾಲಿಸ್ಟೈರೀನ್‌ಗಳ ಕಥೆ ಬೇರೆ. ತಟ್ಟೆಯಲ್ಲಿ ಆರಿಹೋದ ಶಾವಿಗೆಯ ಹಾಗೆ ಅವುಗಳ ಸರಪಳಿಗಳು ಕ್ರಮವಿಲ್ಲದೆ ಸಿಕ್ಕಿಕೊಂಡು ಗಟ್ಟಿಯಾಗಿರುತ್ತವೆ. ಕಣ್ಣಿಗೆ ಗಾಜಿನಂತೆ ಕಂಡರೂ ಒಳಗೆ ಅಣುಗಾತ್ರದ ಸಂದಿಗಳಿರುತ್ತವೆ. ಆಲ್ಕೋಹಾಲಿನ ಅಣು ಚಿಕ್ಕದು, ಆ ಸಂದಿಗಳಲ್ಲಿ ನುಸುಳುತ್ತದೆ. ನುಸುಳಿದ ಕಡೆಯಲ್ಲೆಲ್ಲ ಸರಪಳಿಗಳ ಪರಸ್ಪರ ಹಿಡಿತ ಸಡಿಲವಾಗುತ್ತದೆ.

ಹಾಗೆಂದು ಎಲ್ಲ ಪೆನ್ನೂ ಒಂದೇ ಅಳತೆಯಲ್ಲಿ ಸೋಲುವುದಿಲ್ಲ. ಜರ್ಮನಿಯ ಲ್ಯಾಮಿ 2000 ಪೆನ್ನು 1966ರಲ್ಲಿ ಬಂದಾಗಿನಿಂದ ನಾರು ಸೇರಿಸಿದ ಪಾಲಿಕಾರ್ಬೊನೇಟ್‌ನಲ್ಲೇ ತಯಾರಾಗುತ್ತಿದೆ. ಅದೇ ಕಂಪನಿ 1980ರಲ್ಲಿ ವಿದ್ಯಾರ್ಥಿಗಳಿಗೆಂದು ತಂದ ಸಫಾರಿ ಪೆನ್ನು ಎಬಿಎಸ್‌ನದು. ಇವೆರಡೂ ಒಮ್ಮೆ ಸ್ಪಿರಿಟ್ ಸೋಕಿದ ಮಾತ್ರಕ್ಕೆ ಹಾಳಾಗುವ ವಸ್ತುಗಳಲ್ಲ. ಆದರೆ ಬಿಗಿತ ಇರುವ ಕಡೆ ಪದೇಪದೇ ತಾಗಿದರೆ ಇವೂ ಬಿರುಕು ಬಿಡಬಲ್ಲವು.

ನಮ್ಮ ನಾಡಿನ ಹಳೆಯ ಕೈಪೆನ್ನುಗಳು ಇನ್ನೂ ಬೇರೆ ಜಾತಿ. ಆಂಧ್ರದ ರಾಜಮಂಡ್ರಿಯಲ್ಲಿ ಗಾಂಧೀಜಿಯವರ ಸ್ವದೇಶಿ ಕರೆಗೆ ಓಗೊಟ್ಟು 1930ರ ದಶಕದ ಆರಂಭದಲ್ಲಿ ಶುರುವಾದ ರತ್ನಂ ಪೆನ್ನುಗಳು ಹೆಸರಾದದ್ದು ಎಬೊನೈಟ್‌ನಲ್ಲಿ. ರಬ್ಬರಿಗೆ ಶೇಕಡ 30ರ ಆಸುಪಾಸಿನಷ್ಟು ಗಂಧಕ ಬೆರೆಸಿ, ಗಂಟೆಗಟ್ಟಲೆ ಕಾಯಿಸಿದರೆ ಸಿಗುವ ಗಟ್ಟಿ ವಸ್ತು ಅದು. ಗಂಧಕ ಅದರ ಸರಪಳಿಗಳನ್ನು ಒಂದಕ್ಕೊಂದು ಹೊಲಿದುಬಿಟ್ಟಿರುವುದರಿಂದ ಆಲ್ಕೋಹಾಲ್ ಅದನ್ನು ಕರಗಿಸಲಾರದು. ಎಬೊನೈಟ್‌ನ ಶತ್ರುಗಳು ಬಿಸಿಲು ಮತ್ತು ಬಿಸಿನೀರು. ಇವೆರಡೂ ಸೇರಿ ಕಪ್ಪು ಮೈಯನ್ನು ಕಂದು ಬಣ್ಣಕ್ಕೆ ತಿರುಗಿಸುತ್ತವೆ. ಅಂದರೆ ಸ್ಪಿರಿಟ್ ತಡೆದುಕೊಳ್ಳುವ ಪೆನ್ನು ಬಿಸಿನೀರಿಗೆ ಸೋಲುತ್ತದೆ, ನೀರನ್ನು ತಡೆದುಕೊಳ್ಳುವ ಪೆನ್ನು ಸ್ಪಿರಿಟ್‌ಗೆ ಸೋಲುತ್ತದೆ. ಎಲ್ಲ ಪೆನ್ನಿಗೂ ಒಂದೇ ಔಷಧ ಎನ್ನುವ ಹಾಗಿಲ್ಲ.

ಕರ್ಪೂರದ ಪೆನ್ನು

ಆಲ್ಕೋಹಾಲಿಗೆ ಅತಿ ಬೇಗ ಬಲಿಯಾಗುವುದು ಸೆಲ್ಯುಲಾಯ್ಡ್. ಅದು ಹುಟ್ಟಿದ ರೀತಿ ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ.

ಹತ್ತಿಯ ನಾರನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಅದ್ದಿದರೆ ನೈಟ್ರೊಸೆಲ್ಯುಲೋಸ್ ಆಗುತ್ತದೆ. ಒಣಗಿದಾಗ ಅದು ಸಿಡಿಯುವ ವಸ್ತು, ರೂಪ ಕೊಡಲು ಬರುವುದಿಲ್ಲ. ಅಮೆರಿಕದ ಜಾನ್ ವೆಸ್ಲಿ ಹಯಟ್ ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಬೇರೊಂದು ವಸ್ತು ಹುಡುಕುತ್ತಿದ್ದಾಗ ಅದಕ್ಕೆ ಕರ್ಪೂರ ಬೆರೆಸಿದರು. 1870ರಲ್ಲಿ ಪೇಟೆಂಟ್ ಸಿಕ್ಕಿತು. ದೇವರ ಮುಂದೆ ಹಚ್ಚುವ ಅದೇ ಕರ್ಪೂರ ನೈಟ್ರೊಸೆಲ್ಯುಲೋಸ್‌ನ ಸರಪಳಿಗಳ ನಡುವೆ ಕುಳಿತು ಅದಕ್ಕೆ ಬಾಗುವ ಗುಣ ಕೊಟ್ಟಿತು. ಈ ಎರಡನ್ನು ಒಂದಾಗಿಸಲು ಕಾರ್ಖಾನೆಗಳು ಬಳಸಿದ ದ್ರವವೇ ಆಲ್ಕೋಹಾಲ್. ಆಲ್ಕೋಹಾಲ್ ಹಾಕಿ ಹಿಟ್ಟಿನಂತೆ ನಾದಿ, ಉರುಳೆಗಳ ನಡುವೆ ಲಟ್ಟಿಸಿ, ಗಟ್ಟಿಯಾಗಿ ಒತ್ತಿ, ಆಮೇಲೆ ವಾರಗಟ್ಟಲೆ, ದಪ್ಪನೆಯ ತುಂಡಾದರೆ ತಿಂಗಳುಗಟ್ಟಲೆ ಆರಲು ಬಿಡುತ್ತಿದ್ದರು. ಹೀಗೆ ಬಿಡುತ್ತಿದ್ದದ್ದು ಒಳಗಿನ ಆಲ್ಕೋಹಾಲ್ ಪೂರ್ತಿ ಹೊರಹೋಗಲೆಂದು. ಅವಸರ ಮಾಡಿ ಹಸಿಯಾಗಿಯೇ ಕಡೆದರೆ ಪೆನ್ನು ಆಮೇಲೆ ಕುಗ್ಗಿ ಸೊಟ್ಟಗಾಗುತ್ತಿತ್ತು.

ಅಷ್ಟು ತಾಳ್ಮೆಯಿಂದ ಹೊರಗೆ ಕಳಿಸಿದ ಆಲ್ಕೋಹಾಲನ್ನು ನಾವು ಬಟ್ಟೆಯಲ್ಲಿ ಅದ್ದಿ ಮತ್ತೆ ಅದೇ ಮೈಗೆ ಉಜ್ಜಿದರೆ ಏನಾದೀತು? ಮೇಲಿನ ಪದರ ಮೆತ್ತಗಾಗುತ್ತದೆ. ಬಟ್ಟೆಗೆ ಪೆನ್ನಿನ ಬಣ್ಣ ಹತ್ತುತ್ತದೆ. ಕನ್ನಡಿಯಂತಿದ್ದ ಮೈ ಉಗುರಿನಿಂದ ಕೆರೆದಷ್ಟು ಮಂಕಾಗುತ್ತದೆ. ಕರ್ಪೂರವೂ ಆಲ್ಕೋಹಾಲಿನಲ್ಲಿ ಸುಲಭವಾಗಿ ಕರಗುವ ವಸ್ತುವಾದ್ದರಿಂದ ಅದೂ ಸ್ವಲ್ಪ ಸ್ವಲ್ಪವೇ ಜೊತೆಯಲ್ಲಿ ಹೊರಟುಹೋಗುತ್ತದೆ. ಕರ್ಪೂರ ಕಳೆದುಕೊಂಡ ಸೆಲ್ಯುಲಾಯ್ಡ್ ಕುಗ್ಗುತ್ತದೆ, ಬಿರುಸಾಗುತ್ತದೆ, ಕೊನೆಗೆ ಸೀಳುತ್ತದೆ. ವಯಸ್ಸಾದಂತೆ ತಾನಾಗಿಯೇ ಆಗುವ ಈ ಸವಕಳಿಯನ್ನು ಸ್ಪಿರಿಟ್ ಬೇಗ ತಂದಿಡುತ್ತದೆ. ಹಳೆಯ ಪೆನ್ನಿನ ಕ್ಯಾಪು ತೆಗೆದ ಕೂಡಲೇ ಸಣ್ಣಗೆ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂದು ತಿಳಿಯಬೇಕು. ಆ ಪೆನ್ನಿನ ಹತ್ತಿರ ಸ್ಪಿರಿಟ್ ಬಾಟಲಿಯೂ ಬೇಡ, ದೀಪವೂ ಬೇಡ. ಬೆಂಕಿ ತಾಗಿದರೆ ಅದು ಭಗ್ಗನೆ ಉರಿಯುತ್ತದೆ.

ಶೀಫರ್ ಕಂಪನಿ 1924ರಲ್ಲಿ, ಪಾರ್ಕರ್ 1926ರಲ್ಲಿ ಗಟ್ಟಿ ರಬ್ಬರ್ ಬಿಟ್ಟು ಸೆಲ್ಯುಲಾಯ್ಡ್‌ನತ್ತ ತಿರುಗಿದವು. ಕಪ್ಪು ಪೆನ್ನುಗಳ ಜಗತ್ತಿಗೆ ಹಸಿರು, ಹಳದಿ, ಮುತ್ತಿನ ಹೊಳಪಿನ ಬಣ್ಣಗಳು ಬಂದದ್ದು ಆಗ. ಅಲ್ಲಿಂದ ಸುಮಾರು ಕಾಲು ಶತಮಾನ ಒಳ್ಳೆಯ ಪೆನ್ನೆಂದರೆ ಸೆಲ್ಯುಲಾಯ್ಡ್ ಪೆನ್ನೇ. ಹೀಗಾಗಿ ಅಜ್ಜನ ಕಾಲದ ಬಣ್ಣಬಣ್ಣದ ವಿದೇಶಿ ಪೆನ್ನು ಮನೆಯಲ್ಲಿದ್ದರೆ ಅದು ಈ ವಸ್ತುವಿನದಾಗಿರುವ ಸಂಭವ ಹೆಚ್ಚು.

ಶಾಯಿಗಾಗಿ ಬದಲಾದ ಮೈ

ಪೆನ್ನಿನ ಮೈ ಮತ್ತು ಅದರೊಳಗಿನ ದ್ರವ ಒಂದಕ್ಕೊಂದು ಹೊಂದಬೇಕು ಎನ್ನುವುದಕ್ಕೆ ಪಾರ್ಕರ್ 51ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಬರೆದ ಕೂಡಲೇ ಕಾಗದದ ಮೇಲೆ ಒಣಗುವ ಶಾಯಿಯೊಂದನ್ನು ಪಾರ್ಕರ್ ಕಂಪನಿ ತಯಾರಿಸಿತು. ಅದು ಕಾಗದದೊಳಗೆ ಬೇಗ ಇಳಿಯಲೆಂದು ಅದನ್ನು ಬಲವಾದ ಕ್ಷಾರಗುಣದ ಶಾಯಿಯಾಗಿ ಮಾಡಿದ್ದರು. ಆ ಶಾಯಿ ಸೆಲ್ಯುಲಾಯ್ಡನ್ನು ತಿನ್ನುತ್ತಿತ್ತು. ಆದ್ದರಿಂದ ಪೆನ್ನಿನ ಮೈಯನ್ನೇ ಬದಲಿಸಬೇಕಾಯಿತು. 1930ರ ದಶಕದಲ್ಲಷ್ಟೇ ಮಾರುಕಟ್ಟೆಗೆ ಬಂದಿದ್ದ ಅಕ್ರಿಲಿಕ್ಕನ್ನು ಪಾರ್ಕರ್ ಆರಿಸಿಕೊಂಡಿತು. ಡುಪಾಂಟ್ ಕಂಪನಿ ಅದನ್ನು ಲೂಸೈಟ್ ಎಂದು ಮಾರುತ್ತಿತ್ತು. ಯುದ್ಧವಿಮಾನಗಳ ಪಾರದರ್ಶಕ ಮುಚ್ಚಿಗೆಗೆ ಬಳಕೆಯಾದದ್ದೂ ಅಕ್ರಿಲಿಕ್ಕೇ. 1941ರಲ್ಲಿ ಪೆನ್ನು ಮಾರುಕಟ್ಟೆಗೆ ಬಂತು. ಆ ಶಾಯಿಯನ್ನು ಬೇರೆ ಪೆನ್ನಿಗೆ ಹಾಕಬಾರದೆಂದು ಕಂಪನಿಯೇ ಎಚ್ಚರಿಸಿತು.

ನಮ್ಮಲ್ಲಿ ಒಂದು ಕಾಲಕ್ಕೆ ಜೇಬಿನಲ್ಲಿ ಸಿಕ್ಕಿಸಿಕೊಂಡು ಓಡಾಡುವುದೇ ಹೆಮ್ಮೆಯಾಗಿದ್ದ ಚೀನಾದ ಹೀರೋ ಪೆನ್ನುಗಳ ಆಕಾರ ಇದೇ ಪಾರ್ಕರ್ 51ರದು. ಅಂದಿನಿಂದ ಇಂದಿನವರೆಗೆ ದೊಡ್ಡ ಕಂಪನಿಗಳ ಹಲವು ದುಬಾರಿ ಪೆನ್ನುಗಳ ಮೈ ಅಕ್ರಿಲಿಕ್ ಬಳಗದ್ದೇ. ಕ್ಷಾರವನ್ನು ಅದು ಸುಲಭವಾಗಿ ತಡೆದುಕೊಳ್ಳುತ್ತದೆ. ಆದರೆ ಆಲ್ಕೋಹಾಲಿನ ವಿಷಯದಲ್ಲಿ ಅದಕ್ಕೊಂದು ದೌರ್ಬಲ್ಯ ಇದೆ. ಅದನ್ನು ಕಣ್ಣಾರೆ ನೋಡಬಹುದು.

ಬಾಗಿಸಿದ ಪಟ್ಟಿಯ ಪಾಠ

ನಾಮಫಲಕ, ಟ್ರೋಫಿ ಮಾಡಿಕೊಡುವ ಅಂಗಡಿಗಳಲ್ಲಿ ಅಕ್ರಿಲಿಕ್ ಹಾಳೆಯ ಚೂರುಗಳು ರಾಶಿ ಬಿದ್ದಿರುತ್ತವೆ. ಅಂಥ ಎರಡು ತೆಳ್ಳನೆಯ ಪಟ್ಟಿ ತನ್ನಿ. ಒಂದನ್ನು ಮೇಜಿನ ಮೇಲೆ ಸುಮ್ಮನೆ ಇಡಿ. ಇನ್ನೊಂದನ್ನು ಬಿಲ್ಲಿನಂತೆ ಸ್ವಲ್ಪವೇ ಬಾಗಿಸಿ, ಹಾಗೆಯೇ ನಿಲ್ಲುವಂತೆ ಎರಡು ತುದಿಗೂ ದಾರ ಕಟ್ಟಿ. ಕಣ್ಣಿಗೆ ಕನ್ನಡಕ ಇರಲಿ. ಎರಡರ ಮೇಲೂ ಐಸೊಪ್ರೊಪೈಲ್ ಆಲ್ಕೋಹಾಲಿನ ಕೆಲವು ಹನಿ ಬಿಡಿ. ಬಾಗಿಸಿದ್ದರಲ್ಲಿ ಹನಿ ಉಬ್ಬಿದ ಹೊರಬದಿಗೆ ಬೀಳಬೇಕು.

ಸುಮ್ಮನೆ ಇಟ್ಟ ಪಟ್ಟಿಯ ಮೇಲಿನ ಹನಿ ಆರಿಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ಬಾಗಿಸಿದ್ದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿರಿ. ಹನಿ ಆರದಂತೆ ಮತ್ತೆ ಮತ್ತೆ ಬಿಡುತ್ತಿದ್ದರೆ ಉಬ್ಬಿದ ಜಾಗದಲ್ಲಿ ಕೂದಲಿಗಿಂತ ಸಣ್ಣ ಬೆಳ್ಳಿಗೆರೆಗಳು ಅಡ್ಡಡ್ಡ ಮೂಡತೊಡಗುತ್ತವೆ. ಮೊದಲು ಒಂದು, ಪಕ್ಕದಲ್ಲಿ ಇನ್ನೊಂದು, ಆಮೇಲೆ ಹತ್ತಾರು. ಪಟ್ಟಿಯನ್ನು ಅತ್ತಿತ್ತ ತಿರುಗಿಸಿದರೆ ಗೆರೆಗಳು ಮಿಂಚುತ್ತವೆ, ಮಾಯವಾಗುತ್ತವೆ, ಮತ್ತೆ ಮಿಂಚುತ್ತವೆ. ಈ ಹಂತದಲ್ಲಿ ಅವು ಪೂರ್ತಿ ಬಿರುಕುಗಳಲ್ಲ. ಗೆರೆಯ ಎರಡು ದಡಗಳ ನಡುವೆ ಸರಪಳಿಗಳ ಎಳೆಗಳು ಇನ್ನೂ ಸೇತುವೆ ಕಟ್ಟಿಕೊಂಡಿರುತ್ತವೆ. ಬಾಗುವಿಕೆ ಹೆಚ್ಚಾದರೆ, ಅಥವಾ ಹನಿ ಇನ್ನಷ್ಟು ಬಿದ್ದರೆ ಆ ಎಳೆಗಳು ಹರಿಯುತ್ತವೆ. ಪಟ್ಟಿ ಟಕ್ಕೆಂದು ಮುರಿಯುತ್ತದೆ.

ಅದೇ ವಸ್ತು, ಅದೇ ದ್ರವ. ಒಂದಕ್ಕೆ ಏನೂ ಆಗಲಿಲ್ಲ, ಇನ್ನೊಂದು ಮುರಿಯಿತು. ನಡುವಿನ ವ್ಯತ್ಯಾಸ ಎಳೆತ ಒಂದೇ. ಲೇಸರ್ ಯಂತ್ರದಲ್ಲಿ ಅಕ್ರಿಲಿಕ್ ಕತ್ತರಿಸುವ ಅನುಭವಿಗಳು ಕತ್ತರಿಸಿದ ಅಂಚನ್ನು ಸ್ಪಿರಿಟ್‌ನಿಂದ ಒರೆಸದೆ ಇರುವುದು ಈ ಕಾರಣಕ್ಕೇ. ಕಾದು ತಟ್ಟನೆ ಆರಿದ ಅಂಚಿನೊಳಗೆ ಎಳೆತ ಉಳಿದಿರುತ್ತದೆ. ಸ್ಪಿರಿಟ್ ಸೋಕಿದರೆ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಸೀಳುಗಳು ಬರುತ್ತವೆ.

ಈಗ ಪೆನ್ನನ್ನು ಕೈಗೆತ್ತಿಕೊಳ್ಳಿ. ಅದರಲ್ಲಿ ಎಳೆತ ಇರುವ ಜಾಗಗಳು ಯಾವುವು? ಕ್ಯಾಪು ತಿರುಗಿಸುವ ಮರೆಗಳ ತಳ. ಕ್ಯಾಪಿನ ತುಟಿ. ಲೋಹದ ಉಂಗುರವನ್ನು ಒತ್ತಿ ಕೂರಿಸಿದ ಕಡೆ. ನಿಬ್ಬು ಮತ್ತು ಅದಕ್ಕೆ ಶಾಯಿ ಹರಿಸುವ ನಾಲಿಗೆಯನ್ನು ಬಿಗಿಯಾಗಿ ತೂರಿಸಿರುವ ಕುತ್ತಿಗೆ. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಪೆನ್ನಾದರೆ ಬೇಗ ತಣಿದದ್ದರಿಂದ ಮೈಯೊಳಗೇ ಉಳಿದುಕೊಂಡ ಎಳೆತವೂ ಇರುತ್ತದೆ. ಪೆನ್ನುಗಳು ಬಿರುಕು ಬಿಡುವುದೂ ಇದೇ ಜಾಗಗಳಲ್ಲಿ. ‘ನಾನು ಎಷ್ಟೋ ಸಲ ಸ್ಯಾನಿಟೈಸರ್‌ನಿಂದ ಒರೆಸಿದ್ದೇನೆ, ನನ್ನ ಪೆನ್ನಿಗೆ ಏನೂ ಆಗಿಲ್ಲ’ ಎನ್ನುವವರ ಮಾತು ಸುಳ್ಳಲ್ಲ. ನುಣುಪಾದ ಹೊರಮೈಯಲ್ಲಿ ಎಳೆತ ಇಲ್ಲದಿದ್ದರೆ ಹನಿ ಬಂದಂತೆಯೇ ಆರಿಹೋಗಿರುತ್ತದೆ. ಅದೇ ಹನಿ ಮರೆಯ ಸಂದಿಯಲ್ಲಿ ನಿಂತಿದ್ದರೆ ಪರಿಣಾಮ ಬೇರೆಯಾಗಿರುತ್ತಿತ್ತು. ಮೂಡಿದ ಗೆರೆ ಅಂದೇ ಕಾಣಬೇಕೆಂದೂ ಇಲ್ಲ. ಒಂದು ದಿನ ಕ್ಯಾಪು ಸ್ವಲ್ಪ ಬಿಗಿಯಾಗಿ ತಿರುಗಿಸಿದಾಗ ಸೀಳು ಕಾಣಿಸುತ್ತದೆ. ಕಾರಣವಾದ ಸ್ಪಿರಿಟ್ ಆ ಹೊತ್ತಿಗೆ ಎಲ್ಲರಿಗೂ ಮರೆತುಹೋಗಿರುತ್ತದೆ.

ನೀರು ಬೆರೆಸಿ ತೆಳುವಾಗಿಸಿದರೆ ಸಾಕಲ್ಲವೇ ಎಂದು ಕೇಳುವವರೂ ಇದ್ದಾರೆ. ಅಕ್ರಿಲಿಕ್ ವಿಷಯದಲ್ಲಿ ಇದು ಉಲ್ಟಾ ಹೊಡೆಯಬಹುದು. ಶುದ್ಧ ನೀರಿನಲ್ಲಿ ಅದು ಕರಗುವುದಿಲ್ಲ, ಶುದ್ಧ ಎಥನಾಲ್‌ನಲ್ಲೂ ಸುಲಭಕ್ಕೆ ಕರಗುವುದಿಲ್ಲ. ಆದರೆ ನಾಲ್ಕು ಪಾಲು ಎಥನಾಲಿಗೆ ಒಂದು ಪಾಲು ನೀರು ಬೆರೆಸಿ ತುಸು ಬಿಸಿಮಾಡಿದರೆ ಆ ಮಿಶ್ರಣ ಅಕ್ರಿಲಿಕ್ಕನ್ನು ಕರಗಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಸ್ಯಾನಿಟೈಸರ್ ಸೂತ್ರಗಳಲ್ಲಿ ಒಂದರಲ್ಲಿ ಎಥನಾಲ್ ಶೇಕಡ 80. ಇನ್ನೊಂದರಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಶೇಕಡ 75. ಕೈಗೆ ಸವರಿದ್ದು ಪೆನ್ನನ್ನು ಕರಗಿಸಿಬಿಡುತ್ತದೆ ಎಂದು ಇದರ ಅರ್ಥವಲ್ಲ. ನೀರು ಬೆರೆತಿದೆ ಎಂಬ ಒಂದೇ ಕಾರಣಕ್ಕೆ ಧೈರ್ಯ ತಂದುಕೊಳ್ಳಬಾರದು, ಅಷ್ಟೆ.

ಅರಗಿನ ಬೆಸುಗೆ

ಪೆನ್ನಿನ ಮೈ ಗಟ್ಟಿಯಿದ್ದರೂ ಸ್ಪಿರಿಟ್ ಹಾನಿ ಮಾಡಬಲ್ಲ ಇನ್ನೊಂದು ಜಾಗ ಇದೆ. ಹಳೆಯ ಲಿವರ್ ಪೆನ್ನುಗಳ ಒಳಗೆ ಶಾಯಿ ತುಂಬುವ ರಬ್ಬರ್ ಚೀಲ ಇರುತ್ತದೆ. ಆ ಚೀಲವನ್ನು ಕುತ್ತಿಗೆಗೆ ಅಂಟಿಸುತ್ತಿದ್ದದ್ದು ಅರಗಿನಿಂದ. ಹಲವು ಪೆನ್ನುಗಳಲ್ಲಿ ಕುತ್ತಿಗೆಯನ್ನು ಮೈಗೆ ಸೇರಿಸುವುದಕ್ಕೂ ಅದೇ ಅಂಟು. ನೀರಿನಲ್ಲಿ ಕರಗದು, ಶಾಯಿಗೆ ಜಗ್ಗದು, ಬೇಕಾದಾಗ ಹದವಾಗಿ ಬಿಸಿ ಮುಟ್ಟಿಸಿದರೆ ಬಿಟ್ಟುಕೊಡುತ್ತದೆ. ರಿಪೇರಿಯವರು ಇಂದಿಗೂ ಅದನ್ನೇ ನಂಬುವುದು ಈ ಗುಣಗಳಿಗಾಗಿ.

ಅರಗು ನಮಗೆ ಹೊಸದಲ್ಲ. ಅರಗಿನ ಹುಳು ಮರದ ಕೊಂಬೆಯ ಮೇಲೆ ಸುರಿಸುವ ಈ ರಾಳಕ್ಕೆ ಜಗತ್ತಿನಲ್ಲಿ ದೊಡ್ಡ ಮೂಲ ಭಾರತವೇ. ಚನ್ನಪಟ್ಟಣದಲ್ಲಿ ಹಾಲೆ ಮರದ ಗೊಂಬೆ ಲೇತಿನ ಮೇಲೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಡಗಿಗಳು ಇದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಾಗಿಲು, ಕುರ್ಚಿಗಳಿಗೆ ಪಾಲಿಶ್ ಹಾಕುತ್ತಾರೆ. ನೀರಿಗೆ ಬಗ್ಗದ ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ ಎಂಬುದು ಆ ಪಾಲಿಶ್ ಡಬ್ಬಿಯಲ್ಲೇ ಕಾಣುತ್ತದೆ. ಹಾಗಾಗಿ ಹಳೆಯ ಪೆನ್ನಿನೊಳಗೆ ಸ್ಪಿರಿಟ್ ಹಾಕಿ ಕುಲುಕಿದರೆ ಶಾಯಿಯ ಜೊತೆಗೆ ಚೀಲದ ಬೆಸುಗೆಯೂ ಬಿಡುತ್ತದೆ. ಮರುದಿನ ಶಾಯಿ ತುಂಬಿದಾಗ ಪೆನ್ನು ಕಕ್ಕತೊಡಗುತ್ತದೆ. ಕ್ಯಾಪಿನ ಮೇಲೆ ಹೊಂಬಣ್ಣದಲ್ಲಿ ಅಚ್ಚಾದ ಹೆಸರು, ಲೋಹದ ಮೈಗೆ ಹಾಕಿದ ಲ್ಯಾಕರ್ ಕೂಡ ಹೀಗೆಯೇ ಅಳಿಸಿಹೋಗಬಹುದು.

ಶಾಯಿಯೊಳಗೂ ಇದೆ, ಆದರೆ ಬೇರೆಯದು

ಫೌಂಟನ್ ಪೆನ್ನಿನ ಶಾಯಿಯಲ್ಲೇ ಆಲ್ಕೋಹಾಲ್ ಇದೆಯಲ್ಲ ಎನ್ನುವವರಿದ್ದಾರೆ. ಅದೂ ನಿಜವೇ. ಶಾಯಿ ಬೇಗ ಒಣಗದಿರಲೆಂದು ಹಾಕುವ ಗ್ಲೈಕಾಲ್, ಗ್ಲಿಸರಿನ್‌ಗಳು ರಸಾಯನಶಾಸ್ತ್ರದ ಲೆಕ್ಕದಲ್ಲಿ ಆಲ್ಕೋಹಾಲ್ ಬಳಗದವೇ. ಆದರೆ ಅವುಗಳ ಪ್ರಮಾಣ ಅಲ್ಪ, ಸುತ್ತ ಇರುವುದೆಲ್ಲ ನೀರು. ಸ್ವಭಾವವೂ ಎಥನಾಲಿನದಲ್ಲ.

ಎಥನಾಲನ್ನೇ ಆಧಾರವಾಗಿಟ್ಟ ಶಾಯಿಯನ್ನು ಮಾತ್ರ ಈ ಪೆನ್ನಿಗೆ ಎಂದೂ ತುಂಬಬಾರದು. ಶಾಯಿ ಪೆನ್ನು ಬರೆಯುವುದು ದ್ರವದ ಮೇಲ್ಮೈ ಎಳೆತದ ಬಲದಿಂದ. ಕೋಣೆಯ ಉಷ್ಣಾಂಶದಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಎಥನಾಲಿನದು ಸುಮಾರು 22. ಮೂರನೇ ಒಂದು ಭಾಗವೂ ಇಲ್ಲ. ನಾಲಿಗೆಯ ಸೂಕ್ಷ್ಮ ಕಾಲುವೆಗಳು ನೀರಿನ ಲೆಕ್ಕದಲ್ಲಿ ಕೊರೆದವು. ಆಲ್ಕೋಹಾಲ್ ಶಾಯಿಯನ್ನು ಅವು ಹಿಡಿದು ನಿಲ್ಲಿಸಲಾರವು. ಶಾಯಿ ಕಾಗದದ ಮೇಲೆ ಹರಡುತ್ತದೆ, ಬರೆಯದಿದ್ದಾಗ ನಿಬ್ಬಿನ ಸೀಳಿನಲ್ಲೇ ಒಣಗಿ ಕುಳಿತುಬಿಡುತ್ತದೆ. ಮಾರ್ಕರ್ ರೀಫಿಲ್ ಬಾಟಲಿಯ ಶಾಯಿಯನ್ನು ಇಂಕ್ ಪೆನ್ನಿಗೆ ಹಾಕಿದರೆ ಆಗುವುದು ಇದೇ. ಜೊತೆಗೆ ಪ್ಲಾಸ್ಟಿಕ್ಕಿಗೆ ದಿನವಿಡೀ ಸ್ಪಿರಿಟ್ ಸ್ನಾನ.

ಬೇಗ ಒಣಗಲೆಂದೇ ಆಲ್ಕೋಹಾಲ್ ಸೇರಿಸುವ ಶಾಯಿಗೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಕಾಡಿನ ಅರಗನ್ನು ನೆಚ್ಚಿ ಆರಂಭವಾದ ಕಾರ್ಖಾನೆ ಇಂದಿನ ಮೈಸೂರು ಪೇಯಿಂಟ್ಸ್ ಅಂಡ್ ವಾರ್ನಿಷ್. ಮತಗಟ್ಟೆಯಲ್ಲಿ ಬೆರಳಿಗೆ ಹಚ್ಚುವ, ಸಿಲ್ವರ್ ನೈಟ್ರೇಟ್ ಇರುವ ಶಾಯಿಯನ್ನು 1962ರ ಚುನಾವಣೆಯಿಂದ ಅದು ಪೂರೈಸುತ್ತಿದೆ. ಆ ಶಾಯಿಯನ್ನು ಕಡ್ಡಿಯಿಂದಲೋ ಕುಂಚದಿಂದಲೋ ಹಚ್ಚುತ್ತಾರೆ. ಬೆರಳ ಮೇಲೆ ಅದು ಕ್ಷಣದಲ್ಲಿ ಒಣಗಬೇಕು. ಪೆನ್ನಿನ ಶಾಯಿ ನಿಬ್ಬಿನ ತುದಿಯಲ್ಲಿ ಒಣಗಲೇಬಾರದು. ಎರಡೂ ಶಾಯಿಯೇ ಆದರೂ ಒಂದರ ಗುಣ ಇನ್ನೊಂದಕ್ಕೆ ದೋಷ.

ನೀರು ಸಾಕು, ಸಮಯ ಕೊಡಿ

ಸ್ಪಿರಿಟ್ ಬೇಡವೆಂದರೆ ಒಣಗಿದ ಪೆನ್ನಿಗೆ ಏನು ಮಾಡಬೇಕು? ಬಾಲ್ ಪೆನ್ನಿನ ಶಾಯಿ ಎಣ್ಣೆಯಂಥ ದ್ರಾವಕದಲ್ಲಿ ಮಾಡಿದ್ದು, ಅದಕ್ಕೇ ಸ್ಪಿರಿಟ್ ಬೇಕಾಗುತ್ತದೆ. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿ ನೀರಿನಲ್ಲಿ ಕರಗಿಸಿದ ಬಣ್ಣ. ಒಣಗಿದ ಬಣ್ಣ ಮತ್ತೆ ನೀರಿಗೇ ಬಿಡುತ್ತದೆ. ಅದಕ್ಕೆ ಬೇಕಾದದ್ದು ಸಮಯ ಮಾತ್ರ.

ಮೊದಲು ಉಳಿದ ಶಾಯಿ ಚೆಲ್ಲಿ, ತಣ್ಣೀರನ್ನು ತುಂಬಿ ಹೊರಗೆ ಹಾಕುತ್ತ ಬನ್ನಿ. ಫಿಲ್ಲರ್ ಅಥವಾ ಸೂಜಿ ಇಲ್ಲದ ಸಿರಿಂಜಿನಿಂದ ಕುತ್ತಿಗೆಯ ಮೂಲಕ ನೀರು ಹಾಯಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಗಟ್ಟಿಯಾಗಿ ಕಟ್ಟಿಕೊಂಡಿದ್ದರೆ ಲೋಟದಲ್ಲಿ ಎರಡು ಬೆರಳಷ್ಟು ನೀರು ಹಾಕಿ, ನಿಬ್ಬಿನ ಭಾಗ ಮಾತ್ರ ಮುಳುಗುವಂತೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಬದಲಿಸಿ. ಹೊಸ ಪೆನ್ನು ಸರಿಯಾಗಿ ಬರೆಯದಿದ್ದರೆ ಒಳಗೆ ಯಂತ್ರದ ಎಣ್ಣೆ ಉಳಿದಿರಬಹುದು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿದ ನೀರು ಅದಕ್ಕೆ ಮದ್ದು. ಇಷ್ಟಕ್ಕೂ ಜಗ್ಗದಿದ್ದರೆ ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ತೆಳು ಅಮೋನಿಯಾ ದ್ರಾವಣ ಸೇರಿಸಿ, ಸ್ವಲ್ಪ ಹೊತ್ತು ಮಾತ್ರ ಬಿಟ್ಟು, ಆಮೇಲೆ ಧಾರಾಳವಾಗಿ ನೀರು ಹಾಯಿಸಬೇಕು. ಚಿತ್ರಕಾರರ ಇಂಡಿಯಾ ಇಂಕನ್ನು ಯಾರಾದರೂ ಪೆನ್ನಿಗೆ ತುಂಬಿಬಿಟ್ಟಿದ್ದರೂ ಇದೇ ದಾರಿ. ಆ ಶಾಯಿಗಳಲ್ಲಿ ಹಲವನ್ನು ಹಿಡಿದಿಡುವುದು ಅರಗು, ಅರಗು ಕ್ಷಾರಕ್ಕೂ ಕರಗುತ್ತದೆ. ಹಿತ್ತಾಳೆಯ ಭಾಗಗಳಿರುವ, ಸೆಲ್ಯುಲಾಯ್ಡ್ ಮೈಯ ಅಥವಾ ಅರಗಿನ ಬೆಸುಗೆಯ ಪೆನ್ನನ್ನು ಅಮೋನಿಯಾದಲ್ಲಿ ನೆನೆಸಿಡಬಾರದು.

ಕೆಲವು ಪೆನ್ನುಗಳಿಗೆ ನೀರೂ ಅಳತೆಯಲ್ಲಿರಬೇಕು. ಹಾಲಿನ ಕೇಸೀನ್‌ನಿಂದ ಮಾಡಿದ ಹಳೆಯ ಇಂಗ್ಲಿಷ್ ಪೆನ್ನುಗಳು ನೀರು ಹೀರಿ ಉಬ್ಬುತ್ತವೆ. ಎಬೊನೈಟ್ ಪೆನ್ನನ್ನು ಪೂರ್ತಿ ಮುಳುಗಿಸಿಟ್ಟರೆ ಬಣ್ಣ ಕೆಡುತ್ತದೆ. ಬಿಸಿನೀರು ಯಾವ ಪೆನ್ನಿಗೂ ಬೇಡ. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಹೆಚ್ಚಾಗಿ ಇರುವ ಅಸಿಟೋನ್ ಅಂತೂ ಸ್ಪಿರಿಟ್‌ಗಿಂತ ಎಷ್ಟೋ ಪಾಲು ಕ್ರೂರಿ. ಅದು ಅಕ್ರಿಲಿಕ್, ಸೆಲ್ಯುಲಾಯ್ಡ್, ಪಾಲಿಸ್ಟೈರೀನ್, ಎಬಿಎಸ್ ಎಲ್ಲವನ್ನೂ ಕರಗಿಸುತ್ತದೆ.

ಕೈಗೆ ಸ್ಯಾನಿಟೈಸರ್ ಹಾಕಿಕೊಂಡಿದ್ದರೆ ಅದು ಪೂರ್ತಿ ಆರಿದಮೇಲೆ ಪೆನ್ನು ಹಿಡಿಯಿರಿ, ಸಾಕು. ಪೆನ್ನಿನ ಮೇಲೆ ಸ್ಪಿರಿಟ್ ಬಿದ್ದೇಬಿಟ್ಟಿದ್ದರೆ ಉಜ್ಜದೆ ಒತ್ತಿ ತೆಗೆದು, ತಣ್ಣೀರಿನಲ್ಲಿ ತೊಳೆದು, ಕ್ಯಾಪು ಬಿಗಿಯದೆ ಒಂದು ದಿನ ಬಿಡಿ. ಮೆತ್ತಗಾಗಿದ್ದ ಮೈ ಆ ಹೊತ್ತಿಗೆ ಗಟ್ಟಿಯಾಗಲು ಅವಕಾಶ ಸಿಗುತ್ತದೆ. ಬಿಚ್ಚಿ ಹೊರತೆಗೆದ ಚಿನ್ನದ ಅಥವಾ ಸ್ಟೀಲಿನ ನಿಬ್ಬಿಗೆ ಮಾತ್ರ ಸ್ಪಿರಿಟ್ ಬಳಸಬಹುದು. ಲೋಹಕ್ಕೆ ಅದರಿಂದ ತೊಂದರೆ ಇಲ್ಲ.

ಪೆಟ್ಟಿಗೆಯ ಮೇಲೆ ಬರೆಯಿರಿ

ಇಷ್ಟೆಲ್ಲ ಎಚ್ಚರಿಕೆ ಬೇಕಾಗಿರುವುದು ಒಂದೇ ಕಾರಣಕ್ಕೆ. ಪೆನ್ನು ಯಾವುದರಿಂದ ಆಗಿದೆ ಎಂದು ಕೊಂಡವರಿಗೆ ಯಾರೂ ಹೇಳುವುದಿಲ್ಲ. ಸೀರೆಯ ಅಂಚಿನಲ್ಲಿ ಹತ್ತಿಯೋ ಪಾಲಿಯೆಸ್ಟರೋ ಎಂದು ಬರೆದಿರುತ್ತದೆ. ಔಷಧದ ಚೀಟಿಯಲ್ಲಿ ಒಳಗಿರುವುದರ ಪಟ್ಟಿ ಇರುತ್ತದೆ. ಸಾವಿರಾರು ರೂಪಾಯಿಯ ಪೆನ್ನಿನ ಪೆಟ್ಟಿಗೆಯಲ್ಲಿ ಇರುವುದು ‘ರೆಸಿನ್’ ಎಂಬ ಒಂದೇ ಮಾತು. ಇನ್ನೂ ದುಬಾರಿಯಾದರೆ ‘ಪ್ರೆಷಸ್ ರೆಸಿನ್’. ಅದರಿಂದ ಅಕ್ರಿಲಿಕ್ಕೋ ಪಾಲಿಸ್ಟೈರೀನೋ ತಿಳಿಯುವುದಿಲ್ಲ. ಸ್ಪಿರಿಟ್ ಆಗುತ್ತದೋ, ಅಮೋನಿಯಾ ಆಗುತ್ತದೋ ಎಂಬುದೂ ತಿಳಿಯುವುದಿಲ್ಲ.

ಬೇಕಾಗಿರುವುದು ಎರಡು ಸಾಲು. ಮೈ ಯಾವ ವಸ್ತು, ನಾಲಿಗೆ ಯಾವ ವಸ್ತು, ಅಂಟು ಬಳಸಿದ್ದರೆ ಯಾವುದು ಎಂಬುದು ಒಂದು ಸಾಲು. ಯಾವ ದ್ರವ ತಾಗಿಸಬಾರದು ಎಂಬುದು ಇನ್ನೊಂದು. ಪೆನ್ನು ಕೊಳ್ಳುವಾಗ ಅಂಗಡಿಯವರನ್ನು ಇದನ್ನು ಕೇಳಬೇಕು. ಅವರಿಗೆ ತಿಳಿಯದಿದ್ದರೆ ಕಂಪನಿಗೆ ಬರೆದು ಕೇಳಬೇಕು. ಕೈಯಿಂದ ಪೆನ್ನು ಕಡೆಯುವವರು ಯಾವ ಸರಳು ತಂದು ಕಡೆದೆವೆಂದು ನೇರವಾಗಿ ಹೇಳಬಲ್ಲರು. ಆ ಪ್ರಾಮಾಣಿಕತೆ ದೊಡ್ಡ ಕಂಪನಿಗಳಿಗೂ ಬರಬೇಕು, ಬರುವಂತೆ ಕೇಳುವುದು ಕೊಳ್ಳುವವರ ಹಕ್ಕು.

ಮನೆಯಲ್ಲಿರುವ ಹಳೆಯ ಪೆನ್ನಿಗೆ ಇಂಥ ಚೀಟಿ ಇರುವುದಿಲ್ಲ, ಇನ್ನು ಬರುವುದೂ ಇಲ್ಲ. ಅದರ ವಿಷಯದಲ್ಲಿ ಅನುಮಾನವೇ ನಿಯಮವಾಗಲಿ. ವಸ್ತು ಯಾವುದೆಂದು ಗೊತ್ತಾಗದ ಪೆನ್ನಿಗೆ ತಣ್ಣೀರು ಬಿಟ್ಟು ಬೇರೇನೂ ಮುಟ್ಟಿಸಬೇಡಿ. ತಣ್ಣೀರಿಗೂ ಜಗ್ಗದಿದ್ದರೆ ಪೆನ್ನು ರಿಪೇರಿ ಬಲ್ಲವರ ಕೈಗೆ ಕೊಡಿ. ಒಣಗಿದ ಶಾಯಿಯನ್ನು ನಾಳೆಯೂ ತೊಳೆಯಬಹುದು, ಮುಂದಿನ ವರ್ಷವೂ ತೊಳೆಯಬಹುದು. ಬಿರುಕು ಬಿಟ್ಟ ಪೆನ್ನನ್ನು ಯಾವ ದ್ರವವೂ ಮೊದಲಿನಂತೆ ಮಾಡಲಾರದು.